ಹೊರದೇಶದಲ್ಲಿದ್ದು ಊರ ಕಡೆ ಹಳೆಯ ಮನೆ ಕೊಳ್ಳುವ ಮುನ್ನ

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿಯೂ ಕುಮಟಾ, ಅಂಕೋಲಾ, ಕಾರವಾರದ ಕಡಲಂಚಿನ ಕೇರಿಗಳಲ್ಲಿಯೂ ಬಾಗಿಲು ಹಾಕಿದ ಹೆಂಚಿನ ಮನೆಗಳು ಈಗ ಸಾಕಷ್ಟು ಕಾಣಸಿಗುತ್ತವೆ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ ನೆಲೆಸಿ, ಊರಿನಲ್ಲಿದ್ದ ಹಿರಿಯರು ತೀರಿಕೊಂಡ ಮೇಲೆ ಮನೆ ಮಾರಾಟಕ್ಕೆ ಬರುತ್ತದೆ. ಕೊಳ್ಳಲು ಮುಂದಾಗುವವರಲ್ಲಿ ದುಬೈ, ಸಿಂಗಪುರ, ಮೆಲ್ಬರ್ನ್‌ನಲ್ಲಿರುವ ನಮ್ಮವರೂ ಇರುತ್ತಾರೆ. ಅವರಿಗೆ ಫೋನಿನಲ್ಲಿ ಬರುವ ಚಿತ್ರದಲ್ಲಿ ಜಗಲಿ, ಮುಂಡಿಗೆಯೆಂಬ ಮರದ ಕಂಬ, ತುಳಸಿಕಟ್ಟೆ, ಹಿಂದಿನ ಅಡಿಕೆ ತೋಟ ಎಲ್ಲವೂ ಇರುತ್ತವೆ. ಕ್ರಯಪತ್ರದಲ್ಲಿ ಬರೆಯುವುದು ಮಾತ್ರ ಸರ್ವೆ ನಂಬರು, ಅದರೊಳಗಿನ ಪಾಲಿನ ಹಿಸ್ಸಾ ನಂಬರು, ಕ್ಷೇತ್ರ ಮತ್ತು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ. ಚಿತ್ರದಲ್ಲಿ ಕಂಡದ್ದೆಲ್ಲವೂ ಪತ್ರದಲ್ಲಿ ಬರುತ್ತದೆಯೇ ಎಂಬುದೇ ಈ ವ್ಯವಹಾರದ ಮೂಲ ಪ್ರಶ್ನೆ. ಆದ್ದರಿಂದ ಮೊದಲು ನೆಲ, ಆಮೇಲೆ ಆ ನೆಲದ ಹಕ್ಕುದಾರರು, ಅನಂತರ ನೀರು ಮತ್ತು ದಾರಿ, ಕೊನೆಗೆ ಗೋಡೆ ಮತ್ತು ಛಾವಣಿಯ ಮಾಡು ಎಂಬ ಕ್ರಮದಲ್ಲಿ ನೋಡುವುದು ಒಳ್ಳೆಯದು. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಕೊಳ್ಳುವವರು ಕಾನೂನಿನ ಕಣ್ಣಿಗೆ ಯಾರು

ಹೊರದೇಶದಲ್ಲಿರುವವರಿಗೆ ಅನ್ವಯಿಸುವ ಮೊದಲ ಕಾನೂನು ಕಂದಾಯ ಇಲಾಖೆಯದಲ್ಲ, ಫೆಮಾ ಎಂದು ಕರೆಯುವ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯದು. ಅದರ ಪ್ರಕಾರ ಅನಿವಾಸಿ ಭಾರತೀಯರೂ ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡು ಹೊಂದಿರುವವರೂ ಭಾರತದಲ್ಲಿ ವಾಸದ ಮನೆ ಅಥವಾ ವಾಣಿಜ್ಯ ಕಟ್ಟಡವನ್ನು ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್ ಮತ್ತು ತೋಟದ ಮನೆಯನ್ನು ಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಖರೀದಿಸಬಹುದೆಂಬುದು ನಿಜ. ಆದರೆ ಅದು ರಾಜ್ಯದ ಭೂಸುಧಾರಣಾ ಕಾಯ್ದೆಯ ಮಾತು. ಕೇಂದ್ರದ ಫೆಮಾ ನಿಯಮವನ್ನು ಅದು ಸಡಿಲಿಸಿಲ್ಲ. ಊರಿನ ದಲ್ಲಾಳಿಗಳು ಈ ಎರಡನ್ನೂ ಒಂದೇ ಎಂಬಂತೆ ಹೇಳುವುದುಂಟು. ಅವರ ಮಾತಿನ ಮೇಲೆ ಮುಂಗಡ ಕೊಡಬಾರದು.

ನಮ್ಮ ಘಟ್ಟದ ಮೇಲಿನ ಮನೆಗಳ ವಿಷಯದಲ್ಲಿ ಈ ನಿಯಮ ನೇರವಾಗಿ ಬಾಧಿಸುತ್ತದೆ. ಇಲ್ಲಿ ಮನೆ ಮತ್ತು ತೋಟ ಬೇರೆ ಬೇರೆಯಾಗಿ ಹುಟ್ಟಿದವಲ್ಲ. ಅಂಗಳ ಇಳಿದರೆ ತೋಟ, ತೋಟ ಹತ್ತಿದರೆ ಬೆಟ್ಟ. ಜಮೀನಿನ ಕಂದಾಯ ದಾಖಲೆಯಾದ ಪಹಣಿಯಲ್ಲಿ ಆ ನೆಲ ಬಾಗಾಯ್ತ (ತೋಟ), ತರಿ (ಗದ್ದೆ) ಅಥವಾ ಖುಷ್ಕಿ (ಮಳೆಯಾಶ್ರಿತ) ಎಂದಿದ್ದು, ಮನೆಯೂ ಅದೇ ಸರ್ವೆ ನಂಬರಿನೊಳಗೆ ನಿಂತಿದ್ದರೆ, ಕಾನೂನಿನ ದೃಷ್ಟಿಯಲ್ಲಿ ಅದು ಕೃಷಿ ಜಮೀನಿನ ಮೇಲಿನ ತೋಟದ ಮನೆ. ಅನಿವಾಸಿಗಳು ಅದನ್ನು ಕೊಳ್ಳಬೇಕಾದರೆ, ಮಾರುವವರು ಮನೆ, ಅಂಗಳ, ಕೊಟ್ಟಿಗೆಯಿರುವಷ್ಟು ಜಾಗವನ್ನು ಮೊದಲು ಪೋಡಿ ಮಾಡಿಸಿ, ಅಂದರೆ ಅಳೆದು ಬೇರೆ ನಂಬರು ಮಾಡಿಸಿ, ನಮ್ಮ ಕಡೆ ಬಿನ್‌ಶೇತ್ಕಿ ಎನ್ನುವ ಭೂಪರಿವರ್ತನೆಯ ಆದೇಶವನ್ನು ಜಿಲ್ಲಾಧಿಕಾರಿಯವರಿಂದ ಪಡೆದು, ಪಂಚಾಯ್ತಿಯಲ್ಲಿ ಇ-ಸ್ವತ್ತು ಎಂಬ ಗಣಕೀಕೃತ ಆಸ್ತಿ ದಾಖಲೆ ಮಾಡಿಸಿಕೊಡಬೇಕು. ಮನೆ ಗ್ರಾಮಠಾಣಾ, ಅಂದರೆ ಊರಿನ ವಾಸದ ಜಾಗದ ಗಡಿಯೊಳಗಿದ್ದರೆ ಈ ತೊಡಕಿಲ್ಲ. ತೋಟ ಬೇಕೇ ಬೇಕೆನ್ನುವವರು ಊರಿಗೆ ಮರಳಿ ಇಲ್ಲಿನ ನಿವಾಸಿಗಳಾದ ಮೇಲೆ ಕೊಳ್ಳಬಹುದು. ಭಾರತದ ಪೌರರು ನಿವಾಸಿಗಳಾಗಿದ್ದಾಗ ಕೊಂಡ ಜಮೀನನ್ನು ಮತ್ತೆ ಹೊರದೇಶಕ್ಕೆ ಹೋದ ಮೇಲೂ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ತಂದೆ ತಾಯಿಯಿಂದ ವಾರಸಾ ಹಕ್ಕಿನಲ್ಲಿ ಬರುವ ತೋಟಕ್ಕೂ ನಿಷೇಧವಿಲ್ಲ.

ಇಲ್ಲಿ ಸಾಮಾನ್ಯವಾಗಿ ಸೂಚಿಸುವ ಒಳದಾರಿಯೊಂದಿದೆ: ಹಣ ನಿಮ್ಮದು, ಪಹಣಿಯಲ್ಲಿ ಹೆಸರು ಊರಿನಲ್ಲಿರುವ ಭಾವನದೋ ದಾಯಾದಿಯದೋ. ಇದು ಬೇನಾಮಿ ವ್ಯವಹಾರವಾಗುತ್ತದೆ. 2016ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ಆಸ್ತಿ ಮುಟ್ಟುಗೋಲಾಗುವುದಲ್ಲದೆ, ಒಂದರಿಂದ ಏಳು ವರ್ಷಗಳವರೆಗೆ ಸೆರೆವಾಸ ಮತ್ತು ಮಾರುಕಟ್ಟೆ ಬೆಲೆಯ ಶೇಕಡಾ 25ರವರೆಗೆ ದಂಡ ವಿಧಿಸಬಹುದು. ಕಾನೂನನ್ನು ಬದಿಗಿಟ್ಟು ನೋಡಿದರೂ, ಭಾವ ಒಳ್ಳೆಯವನಾಗಿದ್ದ ಮಾತ್ರಕ್ಕೆ ಅವನ ಮಕ್ಕಳಿಗೆ ಆ ಒಪ್ಪಂದ ನೆನಪಿರುತ್ತದೆಂದು ನಂಬುವುದು ಕಷ್ಟ.

ಮನೆ ನಿಂತ ನೆಲ

ಉತ್ತರ ಕನ್ನಡ ಜಿಲ್ಲೆಯ ಬಹುಭಾಗ ಅರಣ್ಯ. ಹಾಗಾಗಿ ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಮನೆ ಸ್ವಂತ ಒಡೆತನದ ಮಾಲ್ಕಿ ಜಾಗದಲ್ಲಿದೆಯೋ ಅತಿಕ್ರಮಣದ ಜಾಗದಲ್ಲಿದೆಯೋ ಎಂಬುದು. ಪಂಚಾಯ್ತಿಯ ಮನೆ ನಂಬರು, ಕಟ್ಟಿದ ತೆರಿಗೆಯ ರಸೀದಿ, ಹೆಸ್ಕಾಂ ವಿದ್ಯುತ್ ಬಿಲ್ಲು, ಮತದಾರರ ಪಟ್ಟಿಯಲ್ಲಿನ ಹೆಸರು, ಇವು ಯಾವುವೂ ನೆಲದ ಮೇಲಿನ ಹಕ್ಕನ್ನು ಸಾಬೀತುಪಡಿಸುವುದಿಲ್ಲ. ಅರಣ್ಯ ಭೂಮಿಯಲ್ಲಿ ತಲೆಮಾರಿನಿಂದ ಇರುವ ಮನೆಗಳಿಗೂ ಇವೆಲ್ಲ ಇರುತ್ತವೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕಿದೆ ಎಂದು ಮಾರುವವರು ತೋರಿಸಿದರೆ, ಆ ಹಕ್ಕು ವಂಶಪಾರಂಪರ್ಯವಾಗಿ ಬರುತ್ತದೆಯೇ ಹೊರತು ಮಾರಲು ಬರುವುದಿಲ್ಲ ಎಂಬುದನ್ನು ನೆನಪಿಡಬೇಕು. ಅರ್ಜಿ ಕೊಟ್ಟಿದ್ದೇವೆ, ಇಂದಲ್ಲ ನಾಳೆ ಸಕ್ರಮವಾಗುತ್ತದೆ ಎಂಬ ಮಾತಿಗಂತೂ ಬೆಲೆ ಕಟ್ಟಲಾಗದು.

ಅಂಗಳದಲ್ಲಿ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರೆಂಬ ಅಂದಾಜು ಕೂಡಲೇ ಸಿಗುತ್ತದೆ. ಹೊರದೇಶದಲ್ಲಿರುವವರು ನಂಬಿಕೆಯವರೊಬ್ಬರನ್ನು ಕಳಿಸಿ ಮನೆಯ ನಾಲ್ಕು ಮೂಲೆ, ಬಾವಿ, ಕೊಟ್ಟಿಗೆ ಮತ್ತು ಗೇಟಿನ ಬಳಿ ಇದನ್ನು ಮಾಡಿಸಿ ಸ್ಕ್ರೀನ್‌ಶಾಟ್ ತರಿಸಿಕೊಳ್ಳಬಹುದು. ಆದರೆ ಮೊಬೈಲಿನ ಜಿಪಿಎಸ್ ಹಲವು ಮೀಟರುಗಳಷ್ಟು ಆಚೀಚೆ ತೋರಿಸುವುದರಿಂದ, ಕೊನೆಯ ಮಾತು ಭೂಮಾಪಕರು ಗಡಿ ಅಳೆದು ಗುರುತಿಸುವ ಹದ್ದುಬಸ್ತಿನದೇ. ಸರ್ವೆ ಇಲಾಖೆಯ ದಾಖಲೆಗಳಾದ ಟಿಪ್ಪಣಿ, ಆಕಾರ್‌ಬಂದ್ ಮತ್ತು ಪಹಣಿ ಈ ಮೂರರಲ್ಲೂ ಕ್ಷೇತ್ರ ಒಂದೇ ಇದೆಯೇ ಎಂದು ತಾಳೆ ನೋಡಬೇಕು. ಲೆಕ್ಕವನ್ನು ಕೈಯಾರೆ ಮಾಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ: ಪಹಣಿಯಲ್ಲಿ 0-4-0 ಎಂದಿದ್ದರೆ ನಾಲ್ಕು ಗುಂಟೆ, ಅಂದರೆ 4,356 ಚದರ ಅಡಿ. ಉದ್ದನೆಯ ಹೆಂಚಿನ ಮನೆ, ಅಡಿಕೆ ಹರವುವ ಅಂಗಳ, ಕೊಟ್ಟಿಗೆ, ಬಚ್ಚಲು ಎಲ್ಲವನ್ನೂ ಟೇಪು ಹಿಡಿದು ಅಳೆದರೆ ಅಷ್ಟರಲ್ಲೇ ನಾಲ್ಕು ಗುಂಟೆ ಮುಗಿದುಹೋಗಬಹುದು. ಹಾಗಾದರೆ ಹಿಂದಿನ ಬಾವಿ, ಬಾವಿಯಾಚೆಯ ಹಲಸಿನ ಮರ, ಗೊಬ್ಬರಗುಂಡಿ ಯಾರ ನೆಲದಲ್ಲಿವೆ? ಈ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರ ಸಿಗದಿದ್ದರೆ ಮುಂದುವರಿಯಬಾರದು.

ಬೆಟ್ಟದ ವಿಷಯವನ್ನೂ ತಿಳಿದಿರಬೇಕು. ಮನೆಯೊಡನೆ ಸೊಪ್ಪಿನಬೆಟ್ಟವೂ ಬರುತ್ತದೆಂದು ಮಾರುವವರು ಹೇಳುತ್ತಾರೆ. ಅದು ಅಡಿಕೆ ತೋಟಕ್ಕೆ ಸೊಪ್ಪು, ಒಣ ಎಲೆಯ ದರಕು ತರಲು ಬ್ರಿಟಿಷರ ಕಾಲದಿಂದ ಬಂದಿರುವ ಸವಲತ್ತು. ಒಡೆತನ ಸರ್ಕಾರದ್ದು, ತೋಟಗಾರರದ್ದು ಬಳಕೆಯ ಹಕ್ಕು ಮಾತ್ರ. ತೋಟವಿಲ್ಲದೆ ಮನೆಯನ್ನಷ್ಟೇ ಕೊಳ್ಳುವವರು ಬೆಟ್ಟಕ್ಕೆಂದು ಒಂದು ರೂಪಾಯಿಯನ್ನೂ ಸೇರಿಸಿಕೊಡಬೇಕಾಗಿಲ್ಲ.

ಕರಾವಳಿಯ ಹಳೆಯ ಪೇಟೆ, ಕೇರಿಗಳಲ್ಲಿ ಇನ್ನೊಂದು ಬಗೆಯ ತೊಡಕು ಮೂಲಗೇಣಿಯದು. ಮನೆ ಮಾರುವವರದ್ದಾಗಿದ್ದರೂ ಅಡಿಯ ನೆಲ ದೇವಸ್ಥಾನದ್ದೋ ಮಠದ್ದೋ ಬೇರೊಬ್ಬ ಧಣಿಯದ್ದೋ ಆಗಿರುತ್ತದೆ. ವರ್ಷಕ್ಕೆ ಕೆಲವೇ ರೂಪಾಯಿಯ ಗೇಣಿಯನ್ನು ಅಜ್ಜನ ಕಾಲದಿಂದ ಕಟ್ಟುತ್ತಲೋ ಕಟ್ಟದೆಯೋ ಬಂದಿರುತ್ತಾರೆ. ಮೂಲ ಗೇಣಿಪತ್ರದಲ್ಲಿ ಪರಭಾರೆಗೆ, ಅಂದರೆ ಬೇರೆಯವರಿಗೆ ವರ್ಗಾಯಿಸಲು, ಒಪ್ಪಿಗೆ ಬೇಕೆಂಬ ಷರತ್ತಿದೆಯೇ ಎಂದು ಓದಿಸಬೇಕು. ಹಳೆಯ ಕಾಗದ ಹಿಂದಿನ ಕಾಲದ ಕೂಡುಬರಹವಾದ ಮೋಡಿ ಅಕ್ಷರದಲ್ಲಿದ್ದರೆ ಓದಬಲ್ಲವರು ಈಗ ವಿರಳ. ಆದರೂ ಹುಡುಕಿಸಿ ಓದಿಸುವುದು ಮೇಲು. ಮಾರುವವರ ಬಾಯಿಮಾತಿನ ಸಾರಾಂಶ ಸಾಲದು.

ಜಮೀನು ಗೇಣಿದಾರರಿಗೆ ಭೂಸುಧಾರಣೆಯಲ್ಲಿ, ಊರಿನ ಮಾತಿನಲ್ಲಿ ಡಿಕ್ಲರೇಶನ್ನಿನಲ್ಲಿ, ಬಂದದ್ದಾದರೆ, ಭೂ ನ್ಯಾಯಮಂಡಳಿಯ ಆದೇಶದ ಪ್ರತಿಯನ್ನೂ ಹಕ್ಕಿನ ಪ್ರಮಾಣಪತ್ರವಾದ ನಮೂನೆ 10ನ್ನೂ ಕೇಳಿ ಪಡೆಯಬೇಕು. ಅಂಥ ಜಮೀನನ್ನು ಅಂತಿಮ ಆದೇಶದಿಂದ 15 ವರ್ಷ ಪರಭಾರೆ ಮಾಡುವಂತಿಲ್ಲ. ತಡವಾಗಿ ಇತ್ಯರ್ಥವಾದ ಪ್ರಕರಣಗಳಲ್ಲಿ ಈ ಅವಧಿ ನಾವೆಣಿಸಿದ್ದಕ್ಕಿಂತ ತಡವಾಗಿ ಮುಗಿಯುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಊರ್ಜಿತವಾಗದು. ಎಷ್ಟು ಕೈ ಬದಲಾಗಿದ್ದರೂ ಇದು ಅನ್ವಯಿಸುತ್ತದೆ.

ಮಾರುವವರು ಎಷ್ಟು ಜನ

ಊರಿನಲ್ಲಿ ಮಾತನಾಡುವವರು ಒಬ್ಬರೇ, ಸಾಮಾನ್ಯವಾಗಿ ಹಿರಿಯಣ್ಣ. ಸಹಿ ಹಾಕಬೇಕಾದವರು ಹನ್ನೆರಡು ಮಂದಿ ಇರಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆಯೆಂದು 2005ರ ತಿದ್ದುಪಡಿ ಹೇಳಿತು. ತಂದೆ ಆಗ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಮದುವೆಯ ಕಾಲಕ್ಕೆ ಚಿನ್ನ ಕೊಟ್ಟಿದ್ದೇವೆ, ತಂಗಿ ಏನೂ ಕೇಳುವುದಿಲ್ಲ ಎಂಬ ಮಾತು ಜಗಲಿಯ ಮೇಲೆ ನಡೆಯಬಹುದು, ನ್ಯಾಯಾಲಯದಲ್ಲಿ ನಡೆಯದು. ವಂಶವೃಕ್ಷವನ್ನು ತರಿಸಿಕೊಂಡು, ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಮಾಡುತ್ತಾರೆ ಅಥವಾ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಟ್ಟಿದ್ದಾರೆ ಎಂದು ಖಚಿತಪಡಿಸಿಕೊಳ್ಳಬೇಕು. ವಾರಸುದಾರರಲ್ಲಿ ಅಪ್ರಾಪ್ತ ವಯಸ್ಕರಿದ್ದರೆ ನ್ಯಾಯಾಲಯದ ಅನುಮತಿ ಬೇಕೇ ಎಂದು ವಕೀಲರನ್ನು ಮೊದಲೇ ಕೇಳಬೇಕು.

ಒಂದೇ ಸೂರಿನಡಿ ಇಬ್ಬರು ದಾಯಾದಿಗಳ ಹಿಸ್ಸೆಯಿರುವ ಮನೆಗಳು ಶಿರಸಿ, ಸಿದ್ದಾಪುರದ ಕಡೆ ಅಪರೂಪವಲ್ಲ. ನಡುಮನೆಯ ಮಧ್ಯೆ ಅರ್ಧ ಗೋಡೆ ಎದ್ದಿರುತ್ತದೆ, ಮೇಲಿನ ಮಾಡು ಮಾತ್ರ ಒಂದೇ. ಹೀಗಿರುವಲ್ಲಿ ಅರ್ಧ ಮನೆ ಕೊಂಡವರು ಹೆಂಚು ತೆಗೆದು ಮಾಡಿನ ಓರೆ ಮರವಾದ ಪಕಾಸಿ ಬದಲಾಯಿಸಬೇಕಾದರೂ ಪಕ್ಕದವರ ಒಪ್ಪಿಗೆಗೆ ಕಾಯಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇಂಥ ಮನೆಯನ್ನು ಪೂರ್ತಿಯಾಗಿ ಸಿಗುವುದಾದರೆ ಕೊಳ್ಳಬೇಕು, ಅರ್ಧಕ್ಕೆ ಕೈಹಾಕಬಾರದು.

ಸಾಲದ ಶೋಧವೂ ಇಲ್ಲಿಗೇ ಸೇರಿದ್ದು. ಋಣಭಾರ ಪ್ರಮಾಣಪತ್ರ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನದಕ್ಕೆ ಸಿಗುತ್ತದೆ. ಅದರ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯ ಪುಸ್ತಕಗಳಿಂದ ತೆಗೆಸಬೇಕು. ಕನಿಷ್ಠ 30 ವರ್ಷದ್ದನ್ನು ನೋಡುವುದು ರೂಢಿ. ಆದರೆ ಅಡಿಕೆ ಬೆಳೆಗಾರರ ಸೊಸೈಟಿ ಸಾಲ ಅಲ್ಲಿ ಕಾಣಿಸದೆ ಪಹಣಿಯ 11ನೇ ಕಲಮಿನಲ್ಲಿ ಮಾತ್ರ ಕಾಣಿಸಬಹುದು. ಆದ್ದರಿಂದ ಎರಡನ್ನೂ ನೋಡಿ, ಸೊಸೈಟಿಯಿಂದ ಬಾಕಿಯಿಲ್ಲವೆಂಬ ಬೇಬಾಕಿ ಪತ್ರವನ್ನೂ ಪಡೆದುಕೊಳ್ಳಬೇಕು.

ದಾರಿ ಮತ್ತು ನೀರು

ಹಳ್ಳಿಯ ಮನೆಗೆ ಜೀಪು ಹೋಗುತ್ತದೆಂದ ಮಾತ್ರಕ್ಕೆ ದಾರಿಯ ಹಕ್ಕು ಇದೆಯೆಂದು ತಿಳಿಯಬಾರದು. ಪಕ್ಕದವರ ತೋಟದ ಅಂಚಿನಲ್ಲೋ ಗದ್ದೆಯ ಹಾಳಿಯ ಮೇಲೋ ಹಾದುಬರುವ ದಾರಿ, ಹಳೆಯ ಮನೆಯವರೊಡನೆ ಇದ್ದ ಬಾಂಧವ್ಯದಿಂದ ನಡೆದುಬಂದಿರುತ್ತದೆ. ಮನೆ ಹೊರಗಿನವರ ಕೈಗೆ ಹೋದ ವರ್ಷವೇ ಅಲ್ಲಿ ಬೇಲಿ ಏಳುವುದೂ ಇದೆ. ಗ್ರಾಮನಕ್ಷೆಯಲ್ಲಿ ದಾರಿ ತೋರಿಸಿದೆಯೇ, ಇಲ್ಲದಿದ್ದರೆ ದಾರಿ ಬಿಡುವವರಿಂದ ನೋಂದಾಯಿತ ಪತ್ರ ಸಿಗುತ್ತದೆಯೇ ಎಂದು ನೋಡಬೇಕು. ಆ ನೆರೆಯವರ ಮನೆಗೆ ನೀವೇ ಹೋಗಿ, ಚಹಾ ಕುಡಿದು, ನಿಧಾನವಾಗಿ ವಿಷಯ ಪ್ರಸ್ತಾಪಿಸಬೇಕು. ದಲ್ಲಾಳಿಯ ಮೂಲಕ ಕೇಳಿಸಿದರೆ ಇಲ್ಲವೆಂದೇ ಉತ್ತರ ಬರುತ್ತದೆ.

ನೀರಿನ ವಿಷಯವೂ ಹಾಗೆಯೇ. ಘಟ್ಟದ ಮೇಲೆ ಹಲವು ಮನೆಗಳಿಗೆ ಬಾವಿಯಿಲ್ಲ. ಗುಡ್ಡದ ಮೇಲಿನ ಅಬ್ಬಿಯಿಂದ, ಅಂದರೆ ಒರತೆಯಿಂದ, ನೀರು ತಾನಾಗಿ ಹರಿದುಬಂದು ಬಚ್ಚಲಿನ ತೊಟ್ಟಿಗೆ ಬೀಳುತ್ತದೆ. ಹಿಂದೆ ಅಡಿಕೆ ದಬ್ಬೆಯಲ್ಲಿ ಬರುತ್ತಿದ್ದದ್ದು ಈಗ ಕಪ್ಪು ಪೈಪಿನಲ್ಲಿ ಬರುತ್ತದೆ, ಅಷ್ಟೇ. ಆ ಪೈಪಿನ ಜಾಡು ಹಿಡಿದು ಮೇಲೆ ಹತ್ತಿದರೆ ತಿಳಿಯಬೇಕಾದುದೆಲ್ಲ ತಿಳಿಯುತ್ತದೆ: ಅಬ್ಬಿ ಇರುವುದು ಅರಣ್ಯದಲ್ಲೋ ಬೇರೊಬ್ಬರ ಬೆಟ್ಟದಲ್ಲೋ, ಅದೇ ಹೊಂಡಕ್ಕೆ ಇನ್ನೆಷ್ಟು ಪೈಪು ಇಳಿದಿವೆ, ಯಾರ ಪೈಪು ಎಲ್ಲರಿಗಿಂತ ಕೆಳಗಿದೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಕೆಳಗಿನ ಪೈಪಿನವರಿಗಷ್ಟೇ ನೀರು. ಸರದಿಯಿದ್ದರೆ ಆ ಸರದಿಯಲ್ಲಿ ಈ ಮನೆಯ ಪಾಳಿ ಯಾವುದೆಂದು ಕೇಳಿಕೊಳ್ಳಬೇಕು. ಮೇ ತಿಂಗಳ ನಡುವಿನಲ್ಲಿ ನೋಡದೆ ನೀರಿನ ಬಗ್ಗೆ ಯಾವ ತೀರ್ಮಾನಕ್ಕೂ ಬರಬಾರದು.

ಕರಾವಳಿಯಲ್ಲಿ ಬಾವಿ ಇದ್ದೇ ಇರುತ್ತದೆ. ಅಲ್ಲಿನ ಪ್ರಶ್ನೆ ಉಪ್ಪಿನದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಅಳಿವೆಗಳಿಗೆ ಹತ್ತಿರದ ಊರುಗಳಲ್ಲಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಆಸುಪಾಸಿನಲ್ಲಿ, ಮಳೆಗಾಲದಲ್ಲಿ ಸಿಹಿಯಾಗಿದ್ದ ಬಾವಿ ಮಾರ್ಚ್ ಏಪ್ರಿಲ್ ಹೊತ್ತಿಗೆ ಸಪ್ಪಗಾಗಿ ಮೇ ತಿಂಗಳಿಗೆ ಉಪ್ಪಾಗುವುದುಂಟು. ಡಿಸೆಂಬರ್ ರಜೆಯಲ್ಲಿ ಬಂದು ಒಂದು ಕೊಡ ಸೇದಿ ರುಚಿ ನೋಡಿದರೆ ಇದು ಗೊತ್ತಾಗದು.

ಹಿತ್ತಲಿನ ಚೌಡಿ ಕಲ್ಲು, ನಾಗರಬನಗಳನ್ನೂ ಕೇಳಿ ತಿಳಿದಿರಬೇಕು. ಅವು ನಿಮ್ಮ ಚಕ್ಕುಬಂದಿಯೊಳಗಿದ್ದರೂ ವರ್ಷಕ್ಕೊಮ್ಮೆ ಪೂಜೆಗೆ ಕೇರಿಯವರೆಲ್ಲ ಬರುತ್ತಾರೆ. ಅದನ್ನು ತಡೆಯುವ ಯೋಚನೆಯಿರುವವರು ಆ ಮನೆಯನ್ನು ಕೊಳ್ಳದಿರುವುದೇ ಲೇಸು.

ಗೋಡೆ, ಮರ, ಹೆಂಚು

ಮನೆಯ ಸ್ಥಿತಿಯನ್ನು ನೋಡಲು ಜುಲೈ ತಿಂಗಳಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಬೇಸಿಗೆಯಲ್ಲಿ ಸುಣ್ಣ ಬಳಿದ ಗೋಡೆ ಏನನ್ನೂ ಹೇಳುವುದಿಲ್ಲ. ಜಡಿಮಳೆಯಲ್ಲಿ ಅದೇ ಗೋಡೆ ಎಲ್ಲವನ್ನೂ ಹೇಳುತ್ತದೆ. ಬರಲಾಗದವರು ಬಡಗಿಯೊಬ್ಬರನ್ನೂ ಗೋಡೆ ಕೆಲಸ ಬಲ್ಲವರೊಬ್ಬರನ್ನೂ ಕೂಲಿ ಕೊಟ್ಟು ಕಳಿಸಬೇಕು. ಇಂಜಿನಿಯರುಗಳಲ್ಲಿ ಮಣ್ಣಿನ ಗೋಡೆ ಬಲ್ಲವರು ಕಡಿಮೆ. ಕೆಡವಿ ಹೊಸದು ಕಟ್ಟಿ ಎಂಬ ಸಲಹೆ ಅವರಿಂದ ಬೇಗ ಬರುತ್ತದೆ.

ಪಶ್ಚಿಮದ ಗೋಡೆಯಿಂದ ಶುರು ಮಾಡಬೇಕು, ಏಕೆಂದರೆ ಮಳೆ ಹೊಡೆಯುವುದು ಆ ಕಡೆಯಿಂದ. ಹಿಂದಿನವರು ಮಳೆಗಾಲಕ್ಕೆ ಮುನ್ನ ಆ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮನೆ ಖಾಲಿ ಬಿದ್ದ ಮೇಲೆ ಕಟ್ಟುವವರಿಲ್ಲ. ಗೋಡೆಯ ಬುಡದ ಎರಡು ಮೂರು ಅಡಿಯಲ್ಲಿ ಬಣ್ಣ ಉಬ್ಬಿದೆಯೇ, ಬೆರಳಿನಿಂದ ಒತ್ತಿದರೆ ಗಾರೆ ಒಳಗೆ ಹೋಗುತ್ತದೆಯೇ ಎಂದು ನೋಡಬೇಕು. ಮಣ್ಣಿನ ಗೋಡೆಗೆ ಸಿಮೆಂಟು ಗಾರೆ ಬಳಿದಿದ್ದರೆ ಇನ್ನಷ್ಟು ಎಚ್ಚರ ಬೇಕು. ನೆಲದಿಂದ ಏರುವ ತೇವ ಮಣ್ಣಿನ ಅಥವಾ ಸುಣ್ಣದ ಗಾರೆಯ ಮೂಲಕ ಹೊರಗೆ ಆರಿಹೋಗುತ್ತದೆ. ಸಿಮೆಂಟು ಅದನ್ನು ಒಳಗೇ ತಡೆದು, ಗಾರೆ ಗಟ್ಟಿಯಾಗಿಯೇ ಕಾಣುತ್ತಿರುವಾಗ ಒಳಗಿನ ಮಣ್ಣನ್ನು ಮೆದುವಾಗಿಸುತ್ತದೆ. ಗೆಣ್ಣಿನಿಂದ ಬಡಿದಾಗ ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯನ್ನು ಬಿಟ್ಟಿದೆಯೆಂದು ಅರ್ಥ. ಚೆಂದ ಕಾಣಲೆಂದು ಇತ್ತೀಚೆಗೆ ಸಿಮೆಂಟು ಹೊಡೆಸಿದ ಮನೆಗಿಂತ, ಮಣ್ಣು ಉದುರುತ್ತಿರುವ ಹಳೆಯ ಗೋಡೆಯನ್ನೇ ನಾನು ಹೆಚ್ಚು ನಂಬುತ್ತೇನೆ. ಕರಾವಳಿಯ ಚಿರೆಕಲ್ಲಿನ ಗೋಡೆಗೆ ಈ ಭಯ ಕಡಿಮೆ. ಅಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿಯುವ ಮೊಳೆ, ಕೊಂಡಿ, ಆಮೇಲೆ ಸೇರಿಸಿದ ಸ್ಲ್ಯಾಬಿನೊಳಗಿನ ಸರಳು ಇವುಗಳನ್ನು ನೋಡಬೇಕು.

ಆಮೇಲೆ ಮೆತ್ತು, ಅಂದರೆ ಅಟ್ಟ, ಹತ್ತಬೇಕು. ಹಗಲು ಹೊತ್ತಿನಲ್ಲಿ ದೀಪ ಹಾಕದೆ ಸ್ವಲ್ಪ ಹೊತ್ತು ನಿಂತರೆ, ಹೆಂಚಿನ ಸಂದಿನಲ್ಲಿ ಎಲ್ಲೆಲ್ಲಿ ಬೆಳಕು ಕಾಣುತ್ತದೋ ಅಲ್ಲೆಲ್ಲ ನೀರು ಇಳಿಯುತ್ತದೆಂದು ತಿಳಿಯುತ್ತದೆ. ಒಡೆದ ಹೆಂಚು ದೊಡ್ಡ ಸಂಗತಿಯಲ್ಲ, ಮಂಗಗಳ ದಯೆಯಿಂದ ಪ್ರತಿ ವರ್ಷವೂ ಹೆಂಚು ಕೈಯಾಡಿಸಬೇಕಾಗುತ್ತದೆ. ನೋಡಬೇಕಾದುದು ಆ ಹೆಂಚಿನ ಕೆಳಗಿನ ಮರವನ್ನು. ಎರಡು ಮಾಡು ಕೂಡುವ ಮೂಲೆ, ಗೋಡೆಯ ಮೇಲೆ ಮಲಗಿರುವ ಅಡ್ಡ, ಸೂರಿನ ಹೊರಗೆ ಚಾಚಿದ ಪಕಾಸಿಯ ತುದಿ, ಮರ ಮೊದಲು ಕೆಡುವುದು ಈ ಮೂರು ಕಡೆ. ಚಾಕುವಿನ ಮೊನೆಯನ್ನು ಒತ್ತಿದಾಗ ಅರ್ಧ ಇಂಚು ಸಲೀಸಾಗಿ ಇಳಿದರೆ ಆ ಮರವನ್ನು ಬದಲಿಸಬೇಕು. ನೆಲದ ಮೇಲೆ ಗೋಧಿಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ ಹಿಡಿದಿದೆ; ಗೋಡೆಯುದ್ದಕ್ಕೆ ಮಣ್ಣಿನ ಗೆರೆ ಏರಿದ್ದರೆ ಒರಲೆ. ಮತ್ತಿ, ಹೊನ್ನೆ, ಸಾಗುವಾನಿಯ ಹಳೆಯ ಮುಂಡಿಗೆಗಳು ಹೊರಗೆ ಕಪ್ಪಾಗಿದ್ದರೂ ಒಳಗೆ ಗಟ್ಟಿಯಿರುತ್ತವೆ. ಯಾವಾಗಲೋ ರಿಪೇರಿಗೆಂದು ಸೇರಿಸಿದ ಕಾಡು ಜಾತಿಯ ರೀಪುಗಳೇ, ಅಂದರೆ ಹೆಂಚು ಕೂರುವ ಪಟ್ಟಿಗಳೇ, ಮೊದಲು ಹೋಗುತ್ತವೆ.

ಹೆಂಚಿನ ಬಗ್ಗೆ ಒಂದು ಮಾತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಹೆಂಚು ಕರಾವಳಿಯಿಡೀ ಹರಡಿತು; ಅನಂತರ ಹಲವು ಕಾರ್ಖಾನೆಗಳು ಹುಟ್ಟಿ, ಒಂದೊಂದರ ಅಚ್ಚು ಒಂದೊಂದು ಅಳತೆಯದಾಯಿತು. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಜೊತೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಹೆಂಚಿನ ಮೇಲೆ ಅಚ್ಚೊತ್ತಿರುವ ಹೆಸರನ್ನು ಬರೆದುಕೊಂಡು, ಅದೇ ಹೆಂಚು ಹಳೆಯ ಸಾಮಾನಿನವರಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿದರೆ, ಮಾಡನ್ನು ತೇಪೆ ಹಾಕಿ ಉಳಿಸಬಹುದೋ ಪೂರ್ತಿ ಹೊದೆಸಬೇಕೋ ಎಂಬ ಖರ್ಚಿನ ಅಂದಾಜು ಸಿಗುತ್ತದೆ.

ಮನೆಯ ಹಿಂದೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇದ್ದರೆ ಅದನ್ನು ಬಿಡದೆ ನೋಡಬೇಕು. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದುದನ್ನು ಈ ಜಿಲ್ಲೆ ಮರೆತಿಲ್ಲ. ಹೊಸದಾಗಿ ಜೆಸಿಬಿಯಿಂದ ಕಡಿದ ಧರೆ, ಅದರ ಮೈಯಿಂದ ಒಸರುವ ಕೆಸರು ನೀರು, ಬಾಗಿ ನಿಂತ ಮರ ಕಂಡಲ್ಲಿ ಎಷ್ಟು ಅಗ್ಗವಾದರೂ ಆ ಮನೆ ಬೇಡ. ವೈರಿಂಗು, ಕಕ್ಕಸಿನ ಗುಂಡಿ ಇತ್ಯಾದಿಗಳನ್ನು ಹೊಸದಾಗಿ ಮಾಡಿಸುವುದೆಂದೇ ಲೆಕ್ಕ ಹಾಕಿಕೊಂಡರೆ ಸಾಕು. ಗುಂಡಿ ಬಾವಿಯಿಂದ ದೂರ, ಇಳಿಜಾರಿನ ಕೆಳಗೆ ಇರಲಿ.

ಮರವನ್ನು ಮುಟ್ಟುವ ಮುಂಚೆ ಅರಣ್ಯ ಇಲಾಖೆಯ ನಿಯಮ ತಿಳಿಯಬೇಕು. ಹಿತ್ತಲಿನ ಸಾಗುವಾನಿ, ಬೀಟೆ ಕಡಿಯಲು ಪರವಾನಗಿ ಬೇಕು. ಒಂದು ಹಳೆಯ ಮನೆ ಕೊಂಡು ಅದರ ಮುಂಡಿಗೆಯನ್ನು ಇನ್ನೊಂದಕ್ಕೆ ಸಾಗಿಸುವ ಯೋಚನೆಯಿದ್ದರೆ, ವಾಹನ ಹೊರಡುವ ಮುಂಚೆಯೇ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳುವುದು ಕ್ಷೇಮ.

ಕಡಲ ಬದಿಯ ಮನೆಯಾದರೆ

ಕಾರವಾರದಿಂದ ಭಟ್ಕಳದವರೆಗೆ ಸಿಆರ್‌ಝಡ್ ಎಂಬ ಕರಾವಳಿ ನಿಯಂತ್ರಣ ವಲಯದ ನಿಯಮವಿದೆ. 2019ರ ಅಧಿಸೂಚನೆಯಲ್ಲಿ, ಗ್ರಾಮಾಂತರ ಪ್ರದೇಶಗಳಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವಲ್ಲಿ ಉಬ್ಬರದ ರೇಖೆಯಿಂದ 50 ಮೀಟರು, ಉಳಿದೆಡೆ 200 ಮೀಟರು ನಿರ್ಮಾಣ ನಿಷೇಧಿತ ಪ್ರದೇಶ. ಅದರೊಳಗಿರುವ ಅಧಿಕೃತ ಹಳೆಯ ಮನೆಯನ್ನು ಈಗಿರುವ ತಳಪಾಯದ ಅಳತೆ ಮೀರದಂತೆ ದುರಸ್ತಿ ಮಾಡಬಹುದು. ವಿಸ್ತರಿಸುವ, ಪಕ್ಕದಲ್ಲಿ ನಾಲ್ಕು ಕೋಣೆ ಕಟ್ಟಿ ಹೋಮ್‌ಸ್ಟೇ ಮಾಡುವ ಆಸೆ ಅಲ್ಲಿ ಈಡೇರದು. ಉಬ್ಬರದ ನೀರು ಏರುವ ನದಿ, ಹಳ್ಳಗಳ ದಂಡೆಗೂ ನಿಯಮವಿರುವುದರಿಂದ, ಸಮುದ್ರ ಕಾಣದ ಮನೆಯೆಂದು ನಿಶ್ಚಿಂತರಾಗಬಾರದು. ಹೆದ್ದಾರಿ, ನೌಕಾನೆಲೆ, ಬಂದರು ಮುಂತಾದ ಯೋಜನೆಗಳಿಗೆ ಭೂಸ್ವಾಧೀನ ನಡೆದಿರುವ ತಾಲೂಕುಗಳಿವು. ಆ ಸರ್ವೆ ನಂಬರಿಗೆ ಸ್ವಾಧೀನದ ಅಧಿಸೂಚನೆ ಆಗಿಲ್ಲವೆಂಬುದನ್ನು ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಹಣ, ಅಧಿಕಾರಪತ್ರ, ನೋಂದಣಿ

ಹಣವನ್ನು ಹೊರದೇಶದಿಂದ ಬ್ಯಾಂಕಿನ ಮೂಲಕ ಅಥವಾ ಇಲ್ಲಿನ ಬ್ಯಾಂಕಿನಲ್ಲಿರುವ ನಿಮ್ಮ ಎನ್‌ಆರ್‌ಇ, ಎನ್‌ಆರ್‌ಒ ಮುಂತಾದ ಅನಿವಾಸಿ ಖಾತೆಯಿಂದ ಮಾತ್ರ ಕೊಡಬೇಕು. ವಿದೇಶಿ ನೋಟು ಕೈಯಲ್ಲಿ ಕೊಡುವಂತಿಲ್ಲ. ಕ್ರಯಪತ್ರದಲ್ಲಿ ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ದರವನ್ನಷ್ಟೇ ಕಾಣಿಸಿ ಉಳಿದುದನ್ನು ನಗದಾಗಿ ಕೊಡಿ ಎಂಬ ಬೇಡಿಕೆ ಬಂದೇ ಬರುತ್ತದೆ. ಕಾನೂನುಬಾಹಿರವಾದ ಈ ಪದ್ಧತಿ ಅನಿವಾಸಿಗಳಿಗೆ ಇನ್ನೂ ದುಬಾರಿ: ಮುಂದೆ ಮಾರಿ ಹಣವನ್ನು ಹೊರಗೆ ಕಳಿಸುವಾಗ ಪತ್ರದಲ್ಲಿರುವ ಮೊತ್ತವೇ ಲೆಕ್ಕಕ್ಕೆ ಬರುತ್ತದೆ, ಲಾಭ ಹೆಚ್ಚು ಕಂಡು ತೆರಿಗೆಯೂ ಹೆಚ್ಚುತ್ತದೆ.

ಮೂಲದಲ್ಲಿ ತೆರಿಗೆ ಕಡಿತ ಮಾಡುವ ಹೊಣೆ ಕೊಳ್ಳುವವರದು. ಮಾರುವವರು ಭಾರತದ ನಿವಾಸಿಗಳಾಗಿದ್ದು ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇಕಡಾ 1 ಕಡಿತ. ಮಾರುವವರಲ್ಲಿ ಒಬ್ಬರು, ಹೇಳುವುದಾದರೆ ಅಮೆರಿಕದಲ್ಲಿರುವ ತಂಗಿ, ಅನಿವಾಸಿಯಾಗಿದ್ದರೆ ಅವರ ಪಾಲಿಗೆ 50 ಲಕ್ಷದ ಮಿತಿ ಅನ್ವಯಿಸದು, ದರವೂ ಬಹಳ ಹೆಚ್ಚು. ಒಂದೇ ಕ್ರಯಪತ್ರದಲ್ಲಿ ಅಣ್ಣನಿಗೊಂದು, ತಂಗಿಗೊಂದು ಲೆಕ್ಕವಾಗುವುದರಿಂದ ಲೆಕ್ಕಪರಿಶೋಧಕರನ್ನು ಮುಂಗಡ ಕೊಡುವ ಮೊದಲೇ ಕಾಣಬೇಕು. ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇಕಡಾ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1ರ ಬದಲು 2 ಆಗಿದೆ.

ನೋಂದಣಿಗೆ ಬರಲಾಗದವರು ಅಧಿಕಾರಪತ್ರ ಕೊಡುವುದಾದರೆ, ಇದೊಂದೇ ಆಸ್ತಿಗೆ, ಇದೊಂದೇ ಕೆಲಸಕ್ಕೆ ಸೀಮಿತವಾದ ವಿಶೇಷ ಅಧಿಕಾರಪತ್ರವನ್ನು ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಬೇಕು. ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು. ಮಾರುವವರೇ ಜಿಪಿಎ ಎಂಬ ಸಾಮಾನ್ಯ ಅಧಿಕಾರಪತ್ರದ ಆಧಾರದ ಮೇಲೆ ಆಸ್ತಿ ತಮ್ಮದೆಂದರೆ ಒಪ್ಪಬಾರದು. ಜಿಪಿಎ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ. ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಮಾರುವವರೆಲ್ಲರ ಹೆಸರಿನಲ್ಲಿ ಇವೆಯೇ, ಅದರಲ್ಲಿನ ಅಳತೆ ಹದ್ದುಬಸ್ತಿನ ಅಳತೆಗೆ ಹೊಂದುತ್ತದೆಯೇ ಎಂದು ಕರಾರಿಗೆ ಸಹಿ ಹಾಕುವ ಮೊದಲು ನೋಡಬೇಕು. ದಾರಿ, ನೀರಿನ ಸರದಿ, ಬಾವಿಯ ಪಾಲು ಇವನ್ನು ಕ್ರಯಪತ್ರದ ಷೆಡ್ಯೂಲಿನಲ್ಲಿಯೇ ಒಂದೊಂದಾಗಿ ಬರೆಸಬೇಕು.

ನೋಂದಣಿಯಾದ ಮೇಲೆ ಪಂಚಾಯ್ತಿಯ ಖಾತೆ ಬದಲಾವಣೆ, ಹೆಸ್ಕಾಂ ಮೀಟರಿನ ಹೆಸರು ಬದಲಾವಣೆ ಎರಡನ್ನೂ ಮರಳಿ ವಿಮಾನ ಹತ್ತುವ ಮೊದಲೇ ಅರ್ಜಿ ಕೊಟ್ಟು ಮುಗಿಸಬೇಕು. ಮುಂದಿನ ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವವರು ಯಾರು, ವಾರಕ್ಕೊಮ್ಮೆ ಬಾಗಿಲು ತೆಗೆದು ಒಲೆಗೆ ಬೆಂಕಿ ಹಾಕಿ ಹೊಗೆಯಾಡಿಸುವವರು ಯಾರು, ಅವರಿಗೆ ತಿಂಗಳಿಗೆ ಕೊಡುವುದೆಷ್ಟು ಎಂಬುದನ್ನೂ ಅಷ್ಟರೊಳಗೆ ಗೊತ್ತು ಮಾಡಿಕೊಳ್ಳಬೇಕು.